ಹಳೆಯ ಹಾಡು ಮತ್ತು ಊರಿನ ಬಾನುಲಿ

ಕೇಳುಗರೆ, ನಮಸ್ಕಾರ. ಹಳೆಯ ಹಾಡುಗಳನ್ನು ಬಿತ್ತರಿಸುವ ಬಾನುಲಿ ಕೇಂದ್ರವು ಆ ಹಾಡುಗಳನ್ನು ಹೇಗೆ ಆಯ್ದುಕೊಳ್ಳಬೇಕು ಎಂಬುದು ಇಂದಿನ ವಿಷಯ. ಹಳೆಯ ರಾಕ್ ಹಾಡುಗಳನ್ನು ಕೇಳಿಸುವ ಅಮೆರಿಕದ ‘ಕ್ಲಾಸಿಕ್ ರಾಕ್’ ಕೇಂದ್ರಗಳ ಇತಿಹಾಸದಲ್ಲಿ ಈ ಬಗ್ಗೆ ನಾವು ಕಲಿಯಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ.

1960ರ ದಶಕದ ಆರಂಭದಲ್ಲಿ ಅಲ್ಲಿನ ಅನೇಕ ಎಫ್‌.ಎಂ. ಕೇಂದ್ರಗಳು ತಮ್ಮ ಮಾಲೀಕರದೇ ಎ.ಎಂ. (ಮಧ್ಯಮ ತರಂಗ) ಕೇಂದ್ರದ ಕಾರ್ಯಕ್ರಮವನ್ನು ಹಾಗೆಯೇ ಮರುಪ್ರಸಾರ ಮಾಡುತ್ತಿದ್ದವು. ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಪ್ರಸಾರದ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ನಕಲಾಗಬಾರದೆಂದು ಆ ದಶಕದ ನಡುವೆ ಸರ್ಕಾರ ನಿಯಮ ಮಾಡಿದಾಗ, ತುಂಬಬೇಕಾದ ಗಂಟೆಗಳು ಎದುರಿಗೆ ನಿಂತವು. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆ.ಎಂ.ಪಿ.ಎಕ್ಸ್. ಕೇಂದ್ರದಲ್ಲಿ ಉದ್ಘೋಷಕ ಟಾಮ್ ಡೊನಹ್ಯೂ ಅವರು ಮೂರು ನಿಮಿಷದ ಜನಪ್ರಿಯ ಗೀತೆಗಳ ಪಟ್ಟಿಯನ್ನು ಬದಿಗಿಟ್ಟು, ಎಲ್‌.ಪಿ. ರೆಕಾರ್ಡುಗಳಲ್ಲಿದ್ದ ದೀರ್ಘ ರಚನೆಗಳನ್ನು ಕೇಳಿಸತೊಡಗಿದರು. ಯಾವ ಹಾಡಿನ ಬೆನ್ನಿಗೆ ಯಾವ ಹಾಡು ಬರಬೇಕೆಂಬ ತೀರ್ಮಾನ ಸ್ಟುಡಿಯೋದಲ್ಲಿ ಕುಳಿತವರದೇ ಆಗಿತ್ತು.

1980ರ ದಶಕದಲ್ಲಿ ಅದೇ ಹಾಡುಗಳು ‘ಕ್ಲಾಸಿಕ್ ರಾಕ್’ ಎಂಬ ಹೆಸರು ಪಡೆದವು. ಆದರೆ ಆಯ್ಕೆಯ ಕ್ರಮ ಬದಲಾಯಿತು. ಕೇಳುಗರನ್ನು ಸಭಾಂಗಣದಲ್ಲಿ ಕೂರಿಸಿ, ಪ್ರತಿ ಹಾಡಿನ ಕೆಲವೇ ಸೆಕೆಂಡುಗಳ ತುಣುಕನ್ನು ಕೇಳಿಸಿ, ಅಂಕ ಹಾಕಿಸಿ, ಹೆಚ್ಚು ಅಂಕ ಪಡೆದವನ್ನೇ ಮತ್ತೆ ಮತ್ತೆ ಪ್ರಸಾರ ಮಾಡುವ ಪದ್ಧತಿ ಬೇರೂರಿತು. ನನ್ನ ತಕರಾರು ಇಲ್ಲಿಯೇ ಇದೆ. ಅಷ್ಟು ಚಿಕ್ಕ ತುಣುಕಿನಲ್ಲಿ ಗುರುತು ಸಿಗುವುದು ಮೊದಲೇ ಗೊತ್ತಿರುವ ಹಾಡಿಗೆ ಮಾತ್ರ. ಮರೆತುಹೋದ ಒಳ್ಳೆಯ ಹಾಡಿಗೆ ಅಂಕ ಗಳಿಸುವ ಅವಕಾಶವೇ ಇರುವುದಿಲ್ಲ.

ನಮ್ಮಲ್ಲಿ ಎಫ್‌.ಎಂ. ಪ್ರಸಾರ 1977ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ಆಕಾಶವಾಣಿಯ ಮೊದಲ ಸ್ಥಳೀಯ ಕೇಂದ್ರ 1984ರಲ್ಲಿ ನಾಗರಕೋಯಿಲಿನಲ್ಲಿ ತೆರೆಯಿತು. ಹಾಸನದ ಕೇಂದ್ರ ನಮಗೆ 102.2 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತದೆ. ಎಫ್‌.ಎಂ. ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಸಕಲೇಶಪುರದಾಚೆಯ ಕಣಿವೆಗಳಲ್ಲಿ, ಗುಡ್ಡದ ಮರೆಯಲ್ಲಿರುವ ಕಾಫಿ ತೋಟಗಳಲ್ಲಿ ಅವು ಕ್ಷೀಣಿಸುತ್ತವೆ. ಭದ್ರಾವತಿಯ 675 ಕಿಲೋಹರ್ಟ್ಸ್ ಮಧ್ಯಮ ತರಂಗವಾದರೋ ನೆಲವನ್ನು ಅನುಸರಿಸಿ ಇಂಥ ಮರೆಗಳನ್ನೂ ದಾಟುತ್ತದೆ. ಎಫ್‌.ಎಂ.ನ ಈ ಮಿತಿಯನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಹಾಸನ, ಆಲೂರು, ಬೇಲೂರುಗಳ ಮನೆಗಳಿಗೇ ಮಾತಾಡುತ್ತಿದ್ದೇನೆಂದು ತಿಳಿದಿರುವ ಉದ್ಘೋಷಕರು ಇಡೀ ರಾಜ್ಯದ ರುಚಿಯ ಸರಾಸರಿಯನ್ನು ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ.

ಆಕಾಶವಾಣಿಯಲ್ಲಿ ಹಾಡಿನೊಂದಿಗೆ ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯಕರು ಎಂದು ಹೇಳುವ ರೂಢಿಯಿದೆ. ವಿಜಯನಾರಸಿಂಹ, ಚಿ. ಉದಯಶಂಕರ್, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಎಂಬ ಹೆಸರುಗಳನ್ನು ನಮ್ಮಲ್ಲಿ ಅನೇಕರು ಕಲಿತದ್ದು ಹೀಗೆ ಕಿವಿಯಿಂದಲೇ. ಸಂಗೀತ ನಿರ್ದೇಶಕರ ಹೆಸರು ಗೊತ್ತಾದ ಕೇಳುಗರು ಅವರ ಬೇರೆ ಹಾಡುಗಳನ್ನು ಹುಡುಕುತ್ತಾರೆ. ಕೆಲವೇ ಸೆಕೆಂಡುಗಳ ಈ ವಿವರಣೆಯನ್ನು ಸಮಯವಿಲ್ಲವೆಂದು ಕೈಬಿಡುವುದು ದೊಡ್ಡ ನಷ್ಟ.

ಕೋರಿಕೆಯ ಕಾರ್ಯಕ್ರಮಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ತಮ್ಮ ಹೆಸರನ್ನೂ ಊರಿನ ಹೆಸರನ್ನೂ ರೇಡಿಯೋದಲ್ಲಿ ಕೇಳುವ ಸಂತೋಷ ಸಣ್ಣದಲ್ಲ. ಆದರೆ ಕೋರಿಕೆ ಬರುವುದೂ ಬಹುಪಾಲು ಬಲ್ಲ ಹಾಡಿಗೇ. ಆದ್ದರಿಂದ ಪ್ರತಿ ಕಾರ್ಯಕ್ರಮದಲ್ಲೂ ಯಾರೂ ಕೇಳದ ಎರಡು ಹಾಡುಗಳನ್ನು ಧ್ವನಿಮುದ್ರಿಕೆಗಳ ಭಂಡಾರದಿಂದ ಆರಿಸಿ, ಆರಿಸಿದ ಕಾರಣವನ್ನೂ ಹೇಳಿ ಪ್ರಸಾರ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ. ಕೇಳುಗರಾದ ನೀವೂ ಕೋರಿಕೆಯ ಪತ್ರದಲ್ಲಿ ಒಂದು ಹಾಡಿನ ಬದಲು ಒಬ್ಬ ಸಂಗೀತ ನಿರ್ದೇಶಕರ ಅಥವಾ ಗೀತರಚನಕಾರರ ಹೆಸರನ್ನು ಬರೆದು, ಹಾಡಿನ ಆಯ್ಕೆಯನ್ನು ಕೇಂದ್ರಕ್ಕೇ ಬಿಟ್ಟು ನೋಡಿ. ನಮಸ್ಕಾರ.