ಗಾಂಧಾರ ತೂಗಿತಾ, ಅದನ್ನು ಕೇಳಿ

ನಮಸ್ಕಾರ. ಪಿಟೀಲು ಕಲಿಸುವ ಯುರೋಪಿನ ಪಾಠದ ಪ್ರಕಾರ ನೋಡಿದರೆ, ನಮ್ಮ ಕರ್ನಾಟಕ ಸಂಗೀತದ ವಿದ್ವಾಂಸರು ಅದನ್ನು ಹಿಡಿಯುವ ರೀತಿಯೇ ತಪ್ಪು. ಅಲ್ಲಿ ಗದ್ದಕ್ಕೂ ಭುಜಕ್ಕೂ ಮಧ್ಯೆ ಇಟ್ಟುಕೊಳ್ಳುತ್ತಾರೆ. ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಒಂದು ತುದಿ ಎದೆಗೆ ಒತ್ತಿ, ಇನ್ನೊಂದನ್ನು ಬಲಗಾಲಿನ ಮೇಲೆ ಊರುತ್ತಾರೆ.

ಇದು ಸುಮ್ನೆ ಬಂದ ಅಭ್ಯಾಸವಲ್ಲ. ತೋಡಿ ರಾಗದ ಗಾಂಧಾರ, ಅಂದರೆ ಸರಿಗಮದ ‘ಗ’ ಸ್ವರ, ಕೇಳಿದ್ದೀರಲ್ವಾ? ಅದು ಒಂದೇ ಕಡೆ ನಿಲ್ಲುವುದಿಲ್ಲ. ಕೆಳಗಿನ ರಿಷಭದ (ರಿ) ಕಡೆಗೂ ಮೇಲಿನ ಮಧ್ಯಮದ (ಮ) ಕಡೆಗೂ ತೂಗುತ್ತಲೇ ಇರುತ್ತದೆ. ಹಾಗೆ ತೂಗಬೇಕಾದರೆ ಎಡಗೈ ತಂತಿಯ ಮೇಲೆ ಹಗುರಾಗಿ ಜಾರಬೇಕು. ಪಿಟೀಲಿನ ಭಾರ ಕಾಲಿನ ಮೇಲಿದ್ದರೆ ಕೈಗೆ ಬಿಡುವು ಸಿಗುತ್ತದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಈ ವಾದ್ಯ ನಮ್ಮದಾಗುತ್ತಾ ಬಂತು. ಆಮೇಲೆ ಮೈಸೂರಿನ ಟಿ. ಚೌಡಯ್ಯನವರು ನಾದ ಜೋರಾಗಿ ಕೇಳಲಿ ಅಂತ ನಾಲ್ಕು ತಂತಿಯನ್ನು ಏಳು ಮಾಡಿದರು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ನಿಂತಿರುವುದೇ ಪಿಟೀಲಿನ ಆಕಾರದಲ್ಲಿ.

ಕದ್ರಿ ಗೋಪಾಲನಾಥರದ್ದು ಇನ್ನೂ ಕಷ್ಟದ ದಾರಿ. ನಾಗಸ್ವರದ ಮನೆಯಿಂದ ಬಂದವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದರು. ಆದರೆ ಅದರಲ್ಲಿ ಜಾರಿಸಲು ತಂತಿಯೇ ಇಲ್ಲ. ಇರುವುದು ಕೀಲಿಗಳು, ಒಂದೊಂದು ಒತ್ತಿದರೆ ಒಂದೊಂದು ಸ್ವರ. ಎರಡು ಕೀಲಿಯ ಮಧ್ಯದ ಗಮಕವನ್ನು, ಅಂದರೆ ಸ್ವರದ ಆ ತೂಗಾಟವನ್ನು, ತುಟಿಯಲ್ಲಿ, ಉಸಿರಿನಲ್ಲಿ ಹುಡುಕಬೇಕು. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕಾಯಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯಲ್ಲಿ ಅವರು ನುಡಿಸಿದರು. ನಮ್ಮ ಕರಾವಳಿಯವರು ಅನ್ನೋ ಹೆಮ್ಮೆ ನನಗೆ ಇವತ್ತಿಗೂ ಇದೆ.

ಹಾಗಂತ ವಿಚಿತ್ರವಾಗಿ ನುಡಿಸಿದ್ದೆಲ್ಲ ನನಗೆ ಇಷ್ಟವಾಗುವುದಿಲ್ಲ. ಬೆನ್ನ ಹಿಂದೆ ಗಿಟಾರ್ ಹಿಡಿದು ನುಡಿಸುವ ರೀಲ್ಸ್ ಬರುತ್ತವೆ. ಕೈಚಳಕ ನಿಜ, ಒಪ್ಪುತ್ತೇನೆ. ಆದರೆ ಕಣ್ಣು ಮುಚ್ಚಿ ಕೇಳಿದರೆ ಸ್ವರದಲ್ಲಿ ಹೊಸದೇನೂ ಸಿಗುವುದಿಲ್ಲ. ಪಿಟೀಲನ್ನು ಕಾಲಿಗೆ ಊರಿದ್ದು ಸ್ವರಕ್ಕಾಗಿ.

ಈಗ ಕೀಬೋರ್ಡಿನಲ್ಲಿ ರಾಗ ಕಲಿಯುವ ಮಕ್ಕಳು ಜಾಸ್ತಿ. ಅದರ ಕೀಲಿಗಳಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ದಾರಿಯೇ ಇಲ್ಲ. ಅದಕ್ಕೇ ಬಲಗೈ ನುಡಿಸುವಾಗ ಎಡಗೈಯಲ್ಲಿ, ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರ ತಿರುಗಿಸುತ್ತಾರೆ. ಇದೆಂಥ ಸಂಗೀತ ಅಂತ ಮೂಗು ಮುರಿಯುವ ಹಿರಿಯರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ ಸಾರ್. ಆ ಮಗುವಿಗೆ ಮೊದಲು ತೋಡಿಯನ್ನು ಬಾಯಲ್ಲಿ ಹಾಡಿಸಿ. ಗಾಂಧಾರ ಬಾಯಲ್ಲಿ ಕೂತರೆ, ಆಮೇಲೆ ಚಕ್ರವನ್ನು ಎಷ್ಟು ತಿರುಗಿಸಬೇಕು ಅನ್ನೋದು ಅದಕ್ಕೇ ತಿಳಿಯುತ್ತದೆ.