ಬೋರ್ಡ್ ಹೋಗಿದೆ ಸಾರ್

ಕೇಳುಗರಿಗೆ ನಮಸ್ಕಾರ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ 22 ವರ್ಷ ಮೇಂಟೆನೆನ್ಸ್ ನೋಡಿಕೊಂಡವನು ನಾನು. ಲೇತ್, ಕಂಪ್ರೆಸರ್, ಪಂಪು, ಯಾವುದು ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಅಂಥವನು ಮನೆಯ ವಾಷಿಂಗ್ ಮೆಷಿನ್ ನಿಂತಾಗ ಏನು ಮಾಡಿದೆ ಗೊತ್ತಾ? ಫೋನ್ ಮಾಡಿ ಮೆಕ್ಯಾನಿಕ್‌ನನ್ನು ಕರೆಸಿದೆ. ಸೋಮಾರಿತನ, ಮತ್ತೇನಿಲ್ಲ.

ಹುಡುಗ ಬಂದ. ಸ್ವಿಚ್ ಹಾಕಿದ, ಎರಡು ಬಟನ್ ಒತ್ತಿದ, ಗಾಜಿನ ಬಾಗಿಲ ಹಿಂದೆ ನಿಂತಿದ್ದ ಸೋಪು ನೀರನ್ನು ಒಂದು ಸಲ ನೋಡಿದ, ಒಂದೇ ಒಂದು ಸ್ಕ್ರೂ ಕೂಡ ಬಿಚ್ಚದೆ ಹೇಳಿಬಿಟ್ಟ: "ಬೋರ್ಡ್ ಹೋಗಿದೆ ಸಾರ್." ಬೋರ್ಡ್ ಅಂದರೆ ಮೆಷಿನ್ನಿನ ಎಲ್ಲ ಭಾಗಗಳಿಗೂ ಅಪ್ಪಣೆ ಕೊಡುವ ಎಲೆಕ್ಟ್ರಾನಿಕ್ ಹಲಗೆ. ಹೊಸದಕ್ಕೆ 6,800 ರೂಪಾಯಿ. ಬಂದದ್ದಕ್ಕೆ 450 ಬೇರೆ. ಯೋಚನೆ ಮಾಡಿ ಹೇಳ್ತೀನಪ್ಪ ಅಂತ 450 ಕೊಟ್ಟು ಕಳಿಸಿದೆ.

ಅವನು ಗೇಟು ದಾಟಿದ ಮೇಲೆ ನನ್ನ ಹೆಂಡತಿ ಕೇಳಿದಳು. "ಅಲ್ರೀ, ಅದು ಬೆಳಿಗ್ಗೆಯಿಂದ ಗೊರ್ರ್ ಅಂತಾನೇ ಇತ್ತು. ಬೋರ್ಡ್ ಹೋಗಿದ್ರೆ ಸದ್ದು ಯಾಕೆ ಮಾಡತ್ತೆ?"

ನಾಚಿಕೆಯಾಯಿತು ನೋಡಿ. ಫ್ಯಾಕ್ಟರಿಯಲ್ಲಿ ನಾನು ಮಾಡುತ್ತಿದ್ದ ಮೊದಲ ಕೆಲಸವೇ ಅದು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್, ಅಂದರೆ ತಿರುಗುವ ದಂಡವನ್ನು ಹಿಡಿದಿರುವ ಭಾಗ, ಕೂತಿರುವ ಜಾಗದ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುವುದು. ಬಿಚ್ಚುವುದು ಆಮೇಲೆ. ಅದಕ್ಕೇ ಇವತ್ತು ನಾನು ಹೇಳುವುದೆಲ್ಲ ಸದ್ದಿನ ವಿಷಯ. ಬಾಯಲ್ಲಿ ಸದ್ದು ಮಾಡಿ ತೋರಿಸುವುದಕ್ಕೆ ರೇಡಿಯೋಗಿಂತ ಒಳ್ಳೆ ಜಾಗ ಯಾವುದಿದೆ? ಕಂಪನಿ ಹೆಸರು ಮಾತ್ರ ಕೇಳಬೇಡಿ, ಹೇಳುವುದಿಲ್ಲ.

ಈ ಗೊರ್ರ್ ಏನು ಅಂತ ನೋಡೋಣ. ಕೊಳೆ ನೀರನ್ನು ಹೊರಗೆ ತಳ್ಳುವ ಪಂಪು ಮೆಷಿನ್ನಿನ ತಳದಲ್ಲಿರುತ್ತದೆ. ಮುಷ್ಟಿಯಷ್ಟು ದೊಡ್ಡದು, ಒಳಗೆ ಪುಟ್ಟ ಪ್ಲಾಸ್ಟಿಕ್ ಫ್ಯಾನು. ಕರೆಂಟು ಬರುತ್ತಿದೆ, ಆದರೆ ಫ್ಯಾನು ತಿರುಗಲು ಆಗುತ್ತಿಲ್ಲ ಅಂದಾಗ ಅದು ಹಾಗೆ ನರಳುತ್ತದೆ. ಕರೆಂಟು ಕಳಿಸುವುದು ಯಾರು? ಬೋರ್ಡು. ಅಂದಮೇಲೆ ಬೋರ್ಡು ತನ್ನ ಕೆಲಸ ಮಾಡುತ್ತಲೇ ಇದೆ ಅಲ್ವಾ?

ಪ್ಲಗ್ ಕಿತ್ತೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಎಷ್ಟೋ ಮನೆಗಳಲ್ಲಿ ವೈರಿಂಗ್ ಉಲ್ಟಾ ಮಾಡಿರುತ್ತಾರೆ, ಸ್ವಿಚ್ ಆಫ್ ಆಗಿದ್ದರೂ ಒಳಗೆ 230 ವೋಲ್ಟು ಕಾಯುತ್ತಾ ಕೂತಿರುತ್ತದೆ. ಮುಂದೆ ಬಾಗಿಲಿರುವ ಮೆಷಿನ್ ಆದರೆ ಕೆಳಗೆ, ಸಾಮಾನ್ಯವಾಗಿ ಬಲಗಡೆ ಮೂಲೆಯಲ್ಲಿ, ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದರೊಳಗೆ ತಿರುಗಿಸಿ ತೆಗೆಯುವ ಬಿರಡೆ. ಅದೇ ಪಂಪಿನ ಫಿಲ್ಟರ್. ಅದನ್ನು ಒಮ್ಮೆಗೇ ತೆಗೆದರೆ ಡ್ರಮ್ಮಿನ ನೀರೆಲ್ಲ ಯುಟಿಲಿಟಿಯಿಂದ ಅಡುಗೆಮನೆಗೆ ಹರಿದು ಬರುತ್ತದೆ. ಪಕ್ಕದಲ್ಲಿ ಸಣ್ಣ ರಬ್ಬರ್ ಪೈಪ್ ಇದ್ದರೆ ಮೊದಲು ಅದರಿಂದ ನೀರು ಖಾಲಿ ಮಾಡಿ. ಪೈಪ್ ಇಲ್ಲದಿದ್ದರೆ ಅಗಲವಾದ ತಟ್ಟೆ ಇಟ್ಟುಕೊಂಡು, ಬಿರಡೆಯನ್ನು ಅರ್ಧ ಸುತ್ತು ಸಡಿಲಿಸುವುದು, ತಟ್ಟೆ ತುಂಬಿದರೆ ಬಿಗಿ ಮಾಡುವುದು, ಚೆಲ್ಲುವುದು, ಮತ್ತೆ ಸಡಿಲಿಸುವುದು. ಬಿಸಿನೀರಲ್ಲಿ ಒಗೆಯಲು ಹಾಕಿದ್ದರೆ ಆರುವ ತನಕ ಕಾಯಿರಿ.

ನನಗೆ ಅಲ್ಲಿ ಸಿಕ್ಕಿದ್ದು ಇಷ್ಟು. ಬ್ಲೌಸಿನ ಹುಕ್ಕು ನಾಲ್ಕು, ಒಂದು ಸೇಫ್ಟಿ ಪಿನ್ನು, ಶರ್ಟಿನ ಗುಂಡಿ, ಕೂದಲು ನೂಲು ಸೇರಿದ ಕರೀ ಉಂಡೆ, ಮತ್ತೆ ಒಂದು ನಮ್ಮ ಮೆಟ್ರೋ ಟೋಕನ್. ಟೋಕನ್ನನ್ನು ಇಳಿಯುವ ಸ್ಟೇಷನ್ನಿನ ಗೇಟಲ್ಲೇ ಹಾಕಿ ಬರಬೇಕು. ಅದು ನಮ್ಮ ಮನೆಗೆ ಹೇಗೆ ಬಂತೋ ಮಗ ಇನ್ನೂ ಹೇಳಿಲ್ಲ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಫ್ಯಾನಿಗೆ ಇನ್ನೊಂದು ಹುಕ್ಕು ಸಿಕ್ಕಿಕೊಂಡು ನೂಲು ಸುತ್ತಿತ್ತು. ಅದನ್ನು ಬಿಡಿಸಿ ಬೆರಳಲ್ಲಿ ತಿರುಗಿಸಿದೆ. ಫ್ಯಾನು ನುಣ್ಣಗೆ ತಿರುಗದೆ ತಡೆತಡೆದು ತಿರುಗಿದರೆ ಹೆದರಬೇಡಿ, ಒಳಗಿರುವ ಆಯಸ್ಕಾಂತ ಹಿಡಿದುಕೊಳ್ಳುವುದರಿಂದ ಹಾಗಾಗುತ್ತದೆ. ಮೆಷಿನ್ ಓಡಿತು. ಖರ್ಚು 450 ರೂಪಾಯಿ, ಅದೂ ದಂಡಕ್ಕೆ.

ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಮೆಷಿನ್ನಿನ ಕಥೆ ಬೇರೆ. ಅವುಗಳಲ್ಲಿ ಹಲವಕ್ಕೆ ಪಂಪೇ ಇರುವುದಿಲ್ಲ. ಒಂದು ವಾಲ್ವ್ ತೆರೆದುಕೊಳ್ಳುತ್ತದೆ, ನೀರು ತಾನಾಗಿ ಇಳಿದು ಹೋಗುತ್ತದೆ. ಹಾಗಾಗಿ ಅದರ ಡ್ರೈನ್ ಪೈಪ್ ನೆಲದ ಮಟ್ಟದಲ್ಲೇ ಇರಬೇಕು. ಮುಂದೆ ಬಾಗಿಲಿರುವ ಮೆಷಿನ್‌ಗೆ ಇದರ ಉಲ್ಟಾ. ಪೈಪನ್ನು 60 ಸೆಂಟಿಮೀಟರಿನಿಂದ ಒಂದು ಮೀಟರ್ ಎತ್ತರಕ್ಕೆ ತೂಗುಹಾಕಿರಬೇಕು. ಕೆಳಗೆ ಬಿದ್ದರೆ ಒಂದು ಕಡೆ ನೀರು ತುಂಬುತ್ತದೆ, ಇನ್ನೊಂದು ಕಡೆ ಪೆಟ್ರೋಲ್ ಟ್ಯಾಂಕಿಗೆ ಟ್ಯೂಬ್ ಇಟ್ಟು ಎಳೆದ ಹಾಗೆ ಹರಿದು ಹೋಗುತ್ತಿರುತ್ತದೆ. ಗಂಟೆಗಟ್ಟಲೆ ತುಂಬಿದರೂ ತುಂಬುವುದಿಲ್ಲ. ಬಾಡಿಗೆ ಮನೆ ಬದಲಾಯಿಸಿದ ವಾರದಲ್ಲಿ ಮೆಷಿನ್ ಕೆಟ್ಟಿತು ಅನ್ನುವವರು ಮೊದಲು ಆ ಪೈಪ್ ಎಲ್ಲಿ ಬಿದ್ದಿದೆ ನೋಡಿ.

ಈಗ ನೀರು ಒಳಗೆ ಬರುವ ಕಡೆ. ನಮ್ಮ ಬೆಂಗಳೂರಿನ ಅರ್ಧ ರಿಪೇರಿ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ತರುವ ಕಾವೇರಿ ನೀರು ಮೆದುವಾಗಿರುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಬೋರ್‌ವೆಲ್ ನೀರು ಹಾಗಲ್ಲ. ಕುಡಿಯುವ ನೀರಿನಲ್ಲಿ ಗಡಸುತನ, ಅಂದರೆ ಕರಗಿರುವ ಸುಣ್ಣದಂಥ ಉಪ್ಪು, ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರ ತನಕ ಪರವಾಗಿಲ್ಲ ಅನ್ನುತ್ತದೆ ಭಾರತೀಯ ಮಾನಕ. ನಮ್ಮ ಎಷ್ಟೋ ಲೇಔಟ್‌ಗಳ ನೀರಿನ ಗಡಸುತನ ಬಕೆಟ್ಟಿನ ಅಂಚು ನೋಡಿದರೇ ಗೊತ್ತಾಗುತ್ತದೆ, ಬೆಳ್ಳಗೆ ಉಪ್ಪು ಕಟ್ಟಿರುತ್ತದೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯಿತು, ಊರಿಗೆ ಹೊಸದಾಗಿ ಸೇರಿದ ಅಂಚಿನ 110 ಹಳ್ಳಿಗಳಿಗೆ ಅಂತಲೇ ಮಾಡಿದ್ದು, ಸರಿ. ಆದರೂ ಟ್ಯಾಂಕರ್ ನಿಂತಿಲ್ಲ. ಟ್ಯಾಂಕರ್ ನೀರು ಸಂಪಿಗೆ, ಸಂಪಿನಿಂದ ಮೇಲಿನ ಟ್ಯಾಂಕಿಗೆ, ಅಲ್ಲಿಂದ ಮೆಷಿನ್‌ಗೆ. ಮರಳೂ ಜೊತೆಗೇ ಪ್ರಯಾಣ ಮಾಡುತ್ತದೆ.

ಇಲ್ಲಿ ಕಿವಿ ಕೊಡಿ. ಮೆಷಿನ್ ಶುರು ಮಾಡಿದಾಗ ಹಿಂದುಗಡೆಯಿಂದ ಜುಂಯ್ ಅನ್ನುವ ಸಣ್ಣ ಸದ್ದು ಬರುತ್ತಿದೆ, ನೀರಿನ ಸದ್ದು ಮಾತ್ರ ಇಲ್ಲ, ಅಥವಾ ಬರೀ ಚಿರ್ ಚಿರ್ ಅನ್ನುತ್ತಿದೆ ಅಂದರೆ ನೀರನ್ನು ಒಳಗೆ ಬಿಡುವ ವಾಲ್ವ್‌ಗೆ ಕರೆಂಟು ಬಂದಿದೆ, ಬಂದಿಲ್ಲದ್ದು ನೀರು. ನಲ್ಲಿ ತಿರುಗಿಸಿದೆಯಾ ನೋಡಿ. ನಗಬೇಡಿ, ನಾನೇ ಒಂದು ಸಲ ಅರ್ಧ ಗಂಟೆ ಹುಡುಕಿದ್ದೇನೆ. ಆಮೇಲೆ ನಲ್ಲಿ ಮುಚ್ಚಿ, ಪ್ಲಗ್ ಕಿತ್ತು, ಪೈಪನ್ನು ಮೆಷಿನ್ ಕಡೆಯಿಂದ ಬಿಚ್ಚಿ. ವಾಲ್ವಿನ ಬಾಯಲ್ಲಿ ಹೆಬ್ಬೆರಳ ಉಗುರಿನಷ್ಟಗಲದ ಜರಡಿ ಇರುತ್ತದೆ. ಕಟಿಂಗ್ ಪ್ಲೇಯರಲ್ಲಿ ಮೆಲ್ಲಗೆ ಎಳೆದರೆ ಈಚೆ ಬರುತ್ತದೆ. ಮರಳು, ಪೈಪಿನ ತುಕ್ಕು, ಬಿಳೀ ಚೂರು, ಎಲ್ಲ ಅಲ್ಲೇ ಕೂತಿರುತ್ತವೆ. ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಉಜ್ಜಿ ವಾಪಸ್ ಹಾಕಿ. ಜರಡಿ ಹಾಕದೆ ಹಾಗೇ ಬಿಟ್ಟರೆ ಮರಳು ವಾಲ್ವಿನೊಳಗೆ ಕೂತು ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಮೆಷಿನ್ ಆಫ್ ಇದ್ದರೂ ತೊಟ್ಟಿಕ್ಕಿ ತೊಟ್ಟಿಕ್ಕಿ ಬೆಳಗಾಗುವುದರೊಳಗೆ ಡ್ರಮ್ಮಲ್ಲಿ ನೀರು ನಿಂತಿರುತ್ತದೆ.

ಕೊನೇ ಮಹಡಿಯವರಿಗೆ ಇನ್ನೊಂದು ಕಷ್ಟ. ಟ್ಯಾಂಕು ತಲೆ ಮೇಲೇ ಇದೆ, ಪ್ರೆಷರ್ ಮಾತ್ರ ಇಲ್ಲ. ನೀರು ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಸುಮಾರು 0.1 ಬಾರ್. ಎಷ್ಟೋ ಮೆಷಿನ್‌ಗಳು ಕಡೇಪಕ್ಷ 0.3 ಬಾರ್ ಕೇಳುತ್ತವೆ, ಅಂದರೆ ಟ್ಯಾಂಕಿನ ನೀರು ನಲ್ಲಿಗಿಂತ ಮೂರು ಮೀಟರ್ ಮೇಲಿರಬೇಕು. ಇಲ್ಲದಿದ್ದರೆ ಹತ್ತು ನಿಮಿಷ ಕಾದು ನೀರು ಬರುತ್ತಿಲ್ಲ ಅಂತ ಪೀಪ್ ಪೀಪ್ ಶುರು ಮಾಡುತ್ತದೆ. ಇದಕ್ಕೆ ಮೆಷಿನ್ ಬದಲಾಯಿಸಿದವರನ್ನು ಕಂಡಿದ್ದೇನೆ. ಬೇಕಿದ್ದದ್ದು ಟ್ಯಾಂಕಿಗೆ ಸ್ಟ್ಯಾಂಡು, ಇಲ್ಲವೇ ಒಂದು ಸಣ್ಣ ಪ್ರೆಷರ್ ಪಂಪು.

ಉಪ್ಪು ಕಟ್ಟುವುದಕ್ಕೆ ನಾನು ಮಾಡುವುದು ಇಷ್ಟೇ. ಎರಡು ಮೂರು ತಿಂಗಳಿಗೊಮ್ಮೆ 100 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಖಾಲಿ ಡ್ರಮ್ಮಿಗೆ ಹಾಕಿ 60 ಡಿಗ್ರಿ ಬಿಸಿನೀರಲ್ಲಿ ಒಂದು ಸುತ್ತು ಓಡಿಸುವುದು. ಅದರ ಜೊತೆ ಬ್ಲೀಚ್ ಮಾತ್ರ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ. ಹೀಟರ್ ಮೇಲೆ ಉಪ್ಪಿನ ಪದರ ಕೂತರೆ ಬಿಸಿ ನೀರಿಗೆ ದಾಟುವುದಿಲ್ಲ, ಹೀಟರೇ ಸುಟ್ಟುಹೋಗುತ್ತದೆ. ಮಲ್ಟಿಮೀಟರ್ ಇರುವವರಿಗೆ ಒಂದು ಲೆಕ್ಕ. 2000 ವ್ಯಾಟಿನ ಹೀಟರು ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಅದು ಹೋಗಿದೆ. ಮೆಷಿನ್ ಮುಟ್ಟಿದರೆ ಜುಂ ಅನ್ನುತ್ತದೆ ಅಂದರೆ ಓಡಿಸಲೇಬೇಡಿ. ಹೀಟರ್ ಒಡೆದು ನೀರಿಗೆ ಕರೆಂಟು ಇಳಿಯುತ್ತಿರಬಹುದು, ಇಲ್ಲವೇ ಇಲಿ ಕಡಿದ ವೈರು ತಗಡಿಗೆ ತಾಗಿರಬಹುದು. ಅರ್ತಿಂಗ್ ಸರಿ ಇಲ್ಲದ್ದು ಅಂತೂ ಖಾತ್ರಿ. ಎಲೆಕ್ಟ್ರಿಷಿಯನ್ ಬರುವ ತನಕ ಬಟ್ಟೆ ಕಲ್ಲಿನ ಮೇಲೆ ಒಗೆಯಿರಿ.

ಇಲಿ ಅಂದೆ. ನೆಲಮಹಡಿಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆಷಿನ್ನಿನ ತಳ ಎಷ್ಟೋ ಸಲ ತೆರೆದೇ ಇರುತ್ತದೆ, ಒಳಗೆ ಬೆಚ್ಚಗೆ, ಕತ್ತಲೆ, ಕಡಿಯಲು ಮೆತ್ತನೆ ವೈರು. ತಳಕ್ಕೆ ಇಲಿ ಜಾಲರಿ ಹಾಕಿಸಿ.

ಸ್ಪಿನ್ ಹೊತ್ತಿಗೆ ಬರುವ ಸದ್ದುಗಳಲ್ಲಿ ಧಡ ಧಡ ಎಲ್ಲರಿಗೂ ಗೊತ್ತಿರುವುದೇ. ಒಂದೇ ಒಂದು ರಗ್ಗು, ಅಥವಾ ಕಾಲೊರಸು, ಒಂದು ಕಡೆ ಮುದ್ದೆಯಾಗಿ ಕೂತಿರುತ್ತದೆ. ಜೊತೆಗೆ ನಾಲ್ಕು ಟವೆಲ್ ಹಾಕಿದರೆ ಸರಿಹೋಗುತ್ತದೆ. ಹೋಗದಿದ್ದರೆ ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿ, ನಾಲ್ಕೂ ನೆಲಕ್ಕೆ ಕೂರಬೇಕು. ಹೊಸ ಫ್ರಂಟ್ ಲೋಡ್ ಮೊದಲ ದಿನವೇ ಕುಣಿದಾಡಿದರೆ ಹಿಂದುಗಡೆ ಸಾಗಣೆಗಾಗಿ ಹಾಕಿದ ಬೋಲ್ಟ್‌ಗಳನ್ನು ತೆಗೆದಿಲ್ಲ ಅಂತಲೇ ಅರ್ಥ. ಕಿರ್ರ್ ಅಂತ ಕೂಗಿ ಸುಟ್ಟ ರಬ್ಬರ್ ವಾಸನೆ ಬಂದರೆ ಬೆಲ್ಟು. ಮೋಟರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ, ಅದರಲ್ಲೂ ಎರಡು ತೊಟ್ಟಿಯ ಹಳೇ ಸೆಮಿ ಆಟೋಮ್ಯಾಟಿಕ್ ಆದರೆ, ಮೊದಲ ಅನುಮಾನ ಕೆಪಾಸಿಟರ್ ಮೇಲೆ, ಅಂದರೆ ಮೋಟರು ತಿರುಗಲು ಶುರುವಿನ ನೂಕು ಕೊಡುವ ಭಾಗದ ಮೇಲೆ. ಬೆಲೆ ಕಡಿಮೆಯ ಸಾಮಾನು, ಎಸ್.ಪಿ. ರೋಡ್ ಕಡೆ ಹೋದರೆ ಸಿಗುತ್ತದೆ, ಮೈಕ್ರೋಫ್ಯಾರಡ್ ಸಂಖ್ಯೆ ಹಳೆಯದರದ್ದೇ ಇರಬೇಕು. ಆದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ನಿಂತಿರುತ್ತದೆ, ಮುಟ್ಟಿದರೆ ಒದೆಯುತ್ತದೆ. ಗೊತ್ತಿಲ್ಲದವರು ಕೈ ಹಾಕಬೇಡಿ. ಇಂಥದ್ದಕ್ಕೆ ಮೆಕ್ಯಾನಿಕ್‌ನನ್ನು ಕರೆಯುವುದರಲ್ಲಿ ಅವಮಾನ ಏನಿಲ್ಲ.

ಹಾಗಾದರೆ ಬೋರ್ಡು ಹೋಗುವುದೇ ಇಲ್ಲವಾ? ಹೋಗುತ್ತದೆ. ಕರೆಂಟು ಹೋಗಿ ಬರುವಾಗ ವೋಲ್ಟೇಜ್ ಏರುತ್ತದೆ, ಜಿರಳೆ ಒಳಗೆ ಸೇರುತ್ತದೆ, ಯುಟಿಲಿಟಿಗೆ ಮಳೆ ಎರಚಲು ಹೊಡೆಯುತ್ತದೆ. ಆದರೆ ಅದನ್ನು ಕಂಡುಹಿಡಿಯುವ ದಾರಿ ಇದೆ. ನೀರು ಹೊರಹಾಕುವ ಹೊತ್ತಿನಲ್ಲಿ ಪಂಪಿನ ವೈರಿಗೆ ಮೀಟರ್ ಇಟ್ಟು ನೋಡಲಿ. 230 ವೋಲ್ಟ್ ಬರುತ್ತಿದ್ದೂ ಪಂಪು ತಿರುಗದಿದ್ದರೆ ಪಂಪಿನದೇ ತೊಂದರೆ. ವೋಲ್ಟೇ ಬರುತ್ತಿಲ್ಲ, ವೈರೂ ಸರಿ ಇದೆ ಅಂದರೆ ಆಗ ಬೋರ್ಡಿನ ಮಾತು. ಬಂದವರಿಗೆ "ಮೀಟರ್ ಇಟ್ಟು ತೋರಿಸಪ್ಪ, ಹಳೇ ಬೋರ್ಡು ನನಗೇ ಕೊಟ್ಟು ಹೋಗು" ಅಂತ ನಿಧಾನವಾಗಿ ಹೇಳಿ. ಗೊತ್ತಿರುವ ಹುಡುಗ ಖುಷಿಯಿಂದ ತೋರಿಸುತ್ತಾನೆ. ಮೀಟರೇ ತಂದಿಲ್ಲದವನು ಬೇರೆ ಕಡೆ ಕಾಲ್ ಇದೆ ಸಾರ್ ಅನ್ನುತ್ತಾನೆ. ಅಂದಹಾಗೆ, ಲೈಟೆಲ್ಲ ಹತ್ತಿದೆ, ಯಾವ ಬಟನ್ನೂ ಕೆಲಸ ಮಾಡುತ್ತಿಲ್ಲ ಅಂದರೆ ಚೈಲ್ಡ್ ಲಾಕ್ ಬಿದ್ದಿದೆಯಾ ನೋಡಿ. ಪಕ್ಕದ ಮನೆಯವರಿಗೆ ಇದನ್ನು ಹೇಳಿ ಒಂದು ಲೋಟ ಬಾದಾಮಿ ಹಾಲು ಸಂಪಾದಿಸಿದ್ದೇನೆ.

ನಮ್ಮ ಮೆಷಿನ್‌ಗೆ ಈಗ 11 ವರ್ಷ. ಪಂಪು ಚೆನ್ನಾಗಿದೆ, ಜರಡಿ ಚೆನ್ನಾಗಿದೆ. ಆದರೆ ಹೋದ ತಿಂಗಳಿಂದ ಸ್ಪಿನ್ ಏರುವಾಗ ವಿಮಾನ ಮೇಲೇಳುವ ಹಾಗೆ ಹೂಂ ಅನ್ನುತ್ತಿದೆ. ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದೆ, ಬೇರಿಂಗ್. ಖಾಲಿ ಡ್ರಮ್ಮನ್ನು ಬಾಗಿಲ ಹತ್ತಿರ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಲೊಡಕ್ ಅನ್ನುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಹೊರಗಿನ ತೊಟ್ಟಿಯನ್ನು ಅಂಟಿಸಿಯೇ ಮುಚ್ಚಿರುತ್ತಾರೆ, 300 ರೂಪಾಯಿಯ ಬೇರಿಂಗಿಗೆ ಇಡೀ ತೊಟ್ಟಿ ಬದಲಿಸಬೇಕು. ನಮ್ಮದೂ ಅಂಥದ್ದೇ. ರಿಪೇರಿನಾ ಹೊಸದಾ ಅಂತ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿಯ ತನಕ ಸ್ಪಿನ್ನನ್ನು ನಿಮಿಷಕ್ಕೆ 1200 ಸುತ್ತಿನಿಂದ 600ಕ್ಕೆ ಇಳಿಸಿಕೊಂಡಿದ್ದೇವೆ. ಬಟ್ಟೆ ಒಣಗುವುದು ಸ್ವಲ್ಪ ತಡ, ಮಳೆಗಾಲದಲ್ಲಿ ಜಾಸ್ತಿ ತಡ.

ನಮಸ್ಕಾರ.