ಅಂಗಿಯ ಮೇಲೆ ಅಚ್ಚಾದ ಬೀಗದಕೈ

ಕೇಳುಗರಿಗೆ ನಮಸ್ಕಾರ.

ಟಿವಿ ಕೆಳಗಿನ ಡ್ರಾಯರಿನಲ್ಲೋ ಅಟ್ಟದ ಮೇಲಿನ ಪೆಟ್ಟಿಗೆಯಲ್ಲೋ ಹಳೆಯ ಸಿನಿಮಾ ಡಿವಿಡಿಗಳು ಇನ್ನೂ ಕೆಲವರ ಮನೆಯಲ್ಲಿವೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದವುಗಳ ಮಾತು ಹೇಳುತ್ತಿದ್ದೇನೆ, ಮದುವೆ ವಿಡಿಯೋದವಲ್ಲ. ಅವುಗಳಲ್ಲಿ ಕೆಲವನ್ನು ಕಂಪ್ಯೂಟರಿಗೆ ಹಾಕಿ, ಒಳಗಿನ ಫೈಲನ್ನು ಹಾಗೇ ಕಾಪಿ ಮಾಡಿಕೊಂಡು ನೋಡಿದರೆ ತೆರೆಯ ತುಂಬ ಹಸಿರು, ಗುಲಾಬಿ ಚೌಕಗಳು ಕುಣಿಯುತ್ತವೆ, ದನಿ ಕರಕರ ಅನ್ನುತ್ತದೆ. ಡಿಸ್ಕು ಕೆಟ್ಟಿರುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆ ಕಾಪಿ ಆಗಿದೆ, ಬೀಗದಕೈ ಡಿಸ್ಕಿನಲ್ಲೇ ಉಳಿದಿದೆ, ಅಷ್ಟೇ. ಅದು ಇರುವ ಜಾಗವನ್ನು ಮಾಮೂಲಿ ಕಾಪಿ ಮುಟ್ಟುವುದೇ ಇಲ್ಲ.

ಈ ಬೀಗಕ್ಕೆ ಸಿಎಸ್‌ಎಸ್ ಎಂದು ಹೆಸರು. 1996ರಲ್ಲಿ ಬಂದದ್ದು. ಡಿಸ್ಕಿನಲ್ಲಿ ಮಾಹಿತಿ 2048 ಬೈಟುಗಳ ತುಂಡುಗಳಾಗಿ ಕೂತಿರುತ್ತದೆ. ಬೀಗ ಬಿದ್ದ ತುಂಡಿನಲ್ಲಿ ಮೊದಲ 128 ಬೈಟು ನೇರವಾಗಿ ಓದಬಹುದು, ಉಳಿದದ್ದು ಕಲಸುಮೇಲೋಗರ. ಬಿಚ್ಚಲು ಐದು ಬೈಟಿನ, ಅಂದರೆ 40 ಬಿಟ್ಟಿನ ಬೀಗದಕೈ ಬೇಕು. ಬಿಟ್ ಅಂದರೆ 0 ಅಥವಾ 1, ಅಂಥ ಎಂಟು ಸೇರಿದರೆ ಒಂದು ಬೈಟು. ಆ ಬೀಗದಕೈಗೂ ಮೇಲೊಂದು ಬೀಗ. ಲೈಸೆನ್ಸ್ ಪಡೆದ ಪ್ಲೇಯರ್ ಕಂಪನಿಗಳಿಗೆ ಬೇರೆ ಬೇರೆ ಬೀಗದಕೈ ಹಂಚಿ, 400ಕ್ಕೂ ಹೆಚ್ಚು ಬೀಗದಕೈಗಳಲ್ಲಿ ಯಾವುದರಿಂದ ಬೇಕಾದರೂ ತೆರೆಯುವಂತೆ ಪ್ರತಿ ಡಿಸ್ಕಿನಲ್ಲೂ ಏರ್ಪಾಡು ಮಾಡಿದ್ದರು. ಒಂದು ಬಯಲಾದರೆ ಮುಂದಿನ ಡಿಸ್ಕುಗಳಲ್ಲಿ ಅದೊಂದನ್ನು ತೆಗೆದುಹಾಕಿದರಾಯಿತು ಎಂಬ ಲೆಕ್ಕ.

ಲೆಕ್ಕ ತಪ್ಪಿದ್ದು 1999ರಲ್ಲಿ. ಆಗ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಡಿವಿಡಿ ನೋಡಲು ಲೈಸೆನ್ಸ್ ಇರುವ ಪ್ಲೇಯರ್ ಇರಲಿಲ್ಲ. ಝಿಂಗ್ ಎಂಬ ಕಂಪನಿಯ ವಿಂಡೋಸ್ ಪ್ಲೇಯರು ತನ್ನ ಬೀಗದಕೈಯನ್ನು ಸರಿಯಾಗಿ ಬಚ್ಚಿಟ್ಟಿರಲಿಲ್ಲ. ಹೊಸ್ತಿಲ ಪಕ್ಕದ ಹೂಕುಂಡದ ಕೆಳಗೆ ಇಟ್ಟ ಹಾಗೆ. ಮೂವರ ಒಂದು ಗುಂಪು ಅದನ್ನು ಹೆಕ್ಕಿ, ಅಕ್ಟೋಬರ್ ತಿಂಗಳಲ್ಲಿ ಡಿ-ಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಮನ್ನು ಹೊರಬಿಟ್ಟಿತು. ಗುಂಪಿನಲ್ಲಿ ಹೊರಜಗತ್ತಿಗೆ ಹೆಸರು ಗೊತ್ತಾದವನು ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್. ಆಗ ಅವನಿಗೆ 15 ವರ್ಷ.

ಬೀಗ ಎಷ್ಟು ಬಡಕಲು ಅಂದರೆ ಅದನ್ನು ಬಾಯಿಮಾತಿನಲ್ಲೇ ಹೇಳಿಬಿಡಬಹುದು. ಕೇಳಿ. ಬಿಟ್ಟುಗಳ ಎರಡು ಸಾಲು, ಒಂದರಲ್ಲಿ 17 ಮನೆ, ಇನ್ನೊಂದರಲ್ಲಿ 25. ಬೀಗದಕೈಯ ಮೊದಲ ಎರಡು ಬೈಟು ಚಿಕ್ಕ ಸಾಲಿಗೆ, ಉಳಿದ ಮೂರು ದೊಡ್ಡದಕ್ಕೆ. ಎರಡು ಬೈಟು ಅಂದರೆ 16 ಬಿಟ್, ಮೂರು ಅಂದರೆ 24. ಎರಡೂ ಕಡೆ ಒಂದೊಂದು ಮನೆ ಖಾಲಿ ಉಳಿಯಿತಲ್ಲ, ಅಲ್ಲಿಗೆ 1 ಸಿಕ್ಕಿಸುತ್ತಾರೆ. ಇಲ್ಲದಿದ್ದರೆ ಬೀಗದಕೈ ಬರೀ ಸೊನ್ನೆಯಾದಾಗ ಸಾಲು ಎಷ್ಟು ಸರಿದರೂ ಸೊನ್ನೆಯನ್ನೇ ಉಗುಳುತ್ತಿರುತ್ತದೆ. ಹೆಜ್ಜೆಗೊಮ್ಮೆ ಸಾಲು ಒಂದು ಮನೆ ಸರಿಯುತ್ತದೆ, ಗೊತ್ತಾದ ಕೆಲವು ಮನೆಗಳನ್ನು ಬೆರೆಸಿ ತೆರವಾದ ಮನೆ ತುಂಬುತ್ತಾರೆ. ಎಂಟು ಹೆಜ್ಜೆಗೆ ಒಂದೊಂದು ಬೈಟು ಹೊರಬೀಳುತ್ತದೆ. ಎರಡು ಸಾಲಿನ ಬೈಟುಗಳನ್ನು ಕೂಡುತ್ತಾರೆ, ಕೈಗೆ ಉಳಿದ ಒಂದನ್ನು ಮುಂದಿನ ಕೂಡುವಿಕೆಗೆ ಒಯ್ಯುತ್ತಾರೆ. ಆ ಮೊತ್ತವೇ ಡಿಸ್ಕಿನ ಬೈಟಿಗೆ ಬಳಿಯುವ ಬಣ್ಣ.

40 ಬಿಟ್ಟಿಗೆ ಸುಮಾರು 1.1 ಲಕ್ಷ ಕೋಟಿ ಬೀಗದಕೈಗಳು ಸಾಧ್ಯ. ಒಂದೊಂದನ್ನೂ ತಿರುಗಿಸಿ ನೋಡುವುದು ಅಂದಿನ ಮನೆ ಕಂಪ್ಯೂಟರಿಗೆ ಭಾರ. ಆದರೆ ಹೊರಬಿದ್ದ ಮೊತ್ತದ ಕೆಲವು ಬೈಟು ಗೊತ್ತಿದ್ದರೆ ದೊಡ್ಡ ಸಾಲನ್ನು ಊಹಿಸಬೇಕಾಗಿಯೇ ಇಲ್ಲ. ಚಿಕ್ಕ ಸಾಲಿನ 16 ಬಿಟ್ ಊಹಿಸಿ, ಅದರ ಬೈಟನ್ನು ಮೊತ್ತದಿಂದ ಕಳೆದರೆ ದೊಡ್ಡ ಸಾಲಿನದು ತಾನಾಗಿ ಸಿಗುತ್ತದೆ. ಹೊಂದಿದರೆ ಸರಿ, ಇಲ್ಲದಿದ್ದರೆ ಮುಂದಿನ ಊಹೆ. ಒಟ್ಟು ಊಹೆ 65,536. ಫ್ರಾಂಕ್ ಸ್ಟೀವನ್‌ಸನ್ ಎಂಬಾತ ಅದೇ ವರ್ಷ ನವೆಂಬರಿನಲ್ಲಿ ಇದನ್ನು ಬರೆದು ತೋರಿಸಿದ. ಅಲ್ಲಿಗೆ ಕದ್ದ ಬೀಗದಕೈಯೇ ಬೇಡವಾಯಿತು. ಝಿಂಗ್ ಬೀಗದಕೈಯನ್ನು ರದ್ದು ಮಾಡುವುದರಲ್ಲೂ ಅರ್ಥ ಉಳಿಯಲಿಲ್ಲ.

ಇಷ್ಟು ಹೊತ್ತು ನಾನು ಮಾಡಿದ್ದು ಏನು? ಮಾತಾಡಿದೆನೋ, ಬೀಗ ಒಡೆಯುವ ಸಾಧನ ಹಂಚಿದೆನೋ? ಅಮೆರಿಕದ ನ್ಯಾಯಾಲಯಗಳಲ್ಲಿ ನಡೆದ ಜಗಳವೆಲ್ಲ ಈ ಪ್ರಶ್ನೆಯ ಸುತ್ತ.

ಅಲ್ಲಿ 1998ರಲ್ಲಿ ಡಿಎಂಸಿಎ ಎಂಬ ಕಾಯಿದೆ ಬಂದಿತ್ತು. ಕೃತಿಸ್ವಾಮ್ಯ ಕಾಪಾಡುವ ಬೀಗ ಒಡೆಯುವುದೂ ತಪ್ಪು, ಒಡೆಯುವ ಸಾಧನ ಹಂಚುವುದೂ ತಪ್ಪು. ಸಿನಿಮಾ ಸ್ಟುಡಿಯೋಗಳು 2600 ಎಂಬ ಹ್ಯಾಕರ್ ಪತ್ರಿಕೆಯ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿದವು. ತನ್ನ ವೆಬ್ ಪುಟದಲ್ಲಿ ಹಾಕಿದ್ದ ಡಿ-ಸಿಎಸ್‌ಎಸ್ ಅನ್ನು ತೆಗೆದುಹಾಕಿ ಅಂದಾಗ ಪತ್ರಿಕೆ ತೆಗೆದುಹಾಕಿತು, ಆದರೆ ಅದು ಸಿಗುವ ಬೇರೆ ಜಾಗಗಳ ಲಿಂಕುಗಳನ್ನು ಹಾಕಿತು. 2000ದ ಆಗಸ್ಟಿನಲ್ಲಿ ನ್ಯಾಯಾಧೀಶ ಲೂಯಿಸ್ ಕಪ್ಲಾನ್ ಅದಕ್ಕೂ ತಡೆ ಕೊಟ್ಟರು.

ಕಂಪ್ಯೂಟರ್ ಮಂದಿಯ ಕುಚೋದ್ಯ ಕಾವೇರಿದ್ದು ಈ ಹೊತ್ತಿನಲ್ಲಿ. ಹೊರಗಿನಿಂದ ನೋಡಿದರೆ ಹುಡುಗಾಟ. ಹತ್ತಿರ ಹೋದರೆ ಒಂದೊಂದು ಕೀಟಲೆಯೂ ಕಾನೂನಿನ ಒಂದೊಂದು ಕೀಲನ್ನು ಅಲುಗಿಸಿ ನೋಡುತ್ತಿತ್ತು.

ಮೊದಲನೆಯದು ಅಪ್ಪಟ ತರಲೆ. ವೆಬ್ ಪುಟಗಳ ಅಂದಚಂದದ ನಿಯಮಗಳಿಗೂ ಸಿಎಸ್‌ಎಸ್ ಎಂದೇ ಹೆಸರು. ಆ ನಿಯಮಗಳನ್ನು ಪುಟದಿಂದ ಅಳಿಸುವ ಒಂದು ನಿರುಪಯೋಗಿ ಪ್ರೋಗ್ರಾಮು ಬರೆದು, ಅದಕ್ಕೂ ಡಿ-ಸಿಎಸ್‌ಎಸ್ ಎಂದೇ ನಾಮಕರಣ ಮಾಡಿ, ಎಲ್ಲರೂ ಇಟ್ಟುಕೊಳ್ಳಿ ಎಂದು ಹಂಚಿದರು. ಹೆಸರು ಹುಡುಕಿಕೊಂಡು ನೋಟಿಸ್ ಕಳಿಸುವ ವಕೀಲರು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಲಿ, ಬಣವೆ ನಾವು ಒಟ್ಟುತ್ತೇವೆ ಎಂದು.

ಇನ್ನೊಂದು, ಅಂಗಿ. ಕಾಪಿಲೆಫ್ಟ್ ಎಂಬ ಸಂಸ್ಥೆ ಬೀಗ ಬಿಚ್ಚುವ ಕೋಡನ್ನು ಟೀ ಶರ್ಟಿನ ಬೆನ್ನಿಗೆ ಅಚ್ಚುಹಾಕಿ ಮಾರಿತು. ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತಿದ್ದ ಇನ್ನೊಂದು ಮೊಕದ್ದಮೆಯಲ್ಲಿ ಅಂಗಿ ಮಾರಿದವರೂ ಪ್ರತಿವಾದಿಗಳಾದರು. ಅಲ್ಲಿನ ಆರೋಪ ವ್ಯಾಪಾರ ರಹಸ್ಯ ಬಯಲು ಮಾಡಿದ್ದು. ಆ ಮೊಕದ್ದಮೆಯಲ್ಲಿ ನಿಜವಾದ ನಗೆ ತಂದವರು ಫಿರ್ಯಾದಿಗಳೇ. ರಹಸ್ಯ ರಹಸ್ಯ ಎಂದು ಕೂಗಿದವರು ಸಾಕ್ಷ್ಯದ ಜೊತೆ ಪೂರ್ತಿ ಕೋಡನ್ನು ಲಗತ್ತಿಸಿ ನ್ಯಾಯಾಲಯದ ಸಾರ್ವಜನಿಕ ಕಡತಕ್ಕೆ ಸೇರಿಸಿಬಿಟ್ಟಿದ್ದರು! ಆಮೇಲೆ ಓಡಿಹೋಗಿ ಕಡತಕ್ಕೆ ಮೊಹರು ಹಾಕಿಸಿದರು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ, ಊರಿಗೆಲ್ಲ ಗೊತ್ತಾದ ಮೇಲೆ ಅದು ರಹಸ್ಯವಲ್ಲ ಎಂದು ತಡೆಯಾಜ್ಞೆ ತೆಗೆದುಹಾಕಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊನಚಾದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಟುರೆಟ್ಸ್‌ಕಿ ಅವರ ಕೆಲಸ. ನ್ಯೂಯಾರ್ಕ್ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಕಂಪ್ಯೂಟರ್ ವಿಜ್ಞಾನಿ ಇವರು. ಒಂದೇ ಕೋಡಿನ ಹಲವು ವೇಷಗಳನ್ನು ಸಾಲಾಗಿ ಜೋಡಿಸಿಟ್ಟರು. ಸಿ ಭಾಷೆಯಲ್ಲಿ ಒಂದು, ಅದನ್ನೇ ಸಾಲು ಸಾಲಾಗಿ ಸಾದಾ ಇಂಗ್ಲಿಷಿನಲ್ಲಿ ವಿವರಿಸಿದ್ದು ಒಂದು, ಚಿತ್ರವಾಗಿ ಒಂದು. ಮತ್ತೊಂದನ್ನು ತಾವೇ ಹುಟ್ಟಿಸಿದ ಭಾಷೆಯಲ್ಲಿ ಬರೆದರು. ಆ ಭಾಷೆಗೆ ಕಂಪೈಲರ್ ಇಲ್ಲ, ಅಂದರೆ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ಪ್ರೋಗ್ರಾಮು ಇಲ್ಲ, ಹಾಗಾಗಿ ಯಾವ ಯಂತ್ರವೂ ಅದನ್ನು ಓಡಿಸಲಾರದು. ಇದನ್ನೂ ನಿಷೇಧಿಸುತ್ತೀರಾ? ಇಲ್ಲ ಅಂದರೆ, ನಾಳೆ ಯಾರೋ ಕಂಪೈಲರ್ ಬರೆದ ಕ್ಷಣ ಈ ಕಾಗದ ಕಾನೂನುಬಾಹಿರ ಆಗಿಬಿಡುತ್ತದೆಯೇ? ಈ ಪ್ರಶ್ನೆಗೆ ಸಮಾಧಾನ ಆಗುವಂಥ ಉತ್ತರ ನನಗಂತೂ ಇವತ್ತಿನವರೆಗೆ ಎಲ್ಲೂ ಕಂಡಿಲ್ಲ.

ಸೆತ್ ಶೋನ್ ಎಂಬಾತ ಇಡೀ ವಿಧಾನವನ್ನು ಜಪಾನಿನ ಹೈಕು ಛಂದಸ್ಸಿಗೆ ಇಳಿಸಿದ. ಐದು, ಏಳು, ಐದು ಅಕ್ಷರದ ಮೂರು ಸಾಲು, ಅಂಥ 400ಕ್ಕೂ ಹೆಚ್ಚು ಪದ್ಯ. ಕೋಡಿನೊಳಗಿನ ಪಟ್ಟಿಗಳ ಅಂಕಿಗಳೂ ಪದ್ಯದಲ್ಲೇ ಬರುತ್ತವೆ. ಲೆಕ್ಕವನ್ನು ಪದ್ಯದಲ್ಲಿ ಕಟ್ಟುವುದು ನಮ್ಮ ಹಳಬರಿಗೆ ನಿತ್ಯದ ಕೆಲಸವಾಗಿತ್ತು, ನಮಗೆ ಅಷ್ಟು ಆಶ್ಚರ್ಯವಾಗಲಿಕ್ಕಿಲ್ಲ. ಕಾವ್ಯವನ್ನು ಜಪ್ತಿ ಮಾಡಿ ಎಂದು ಯಾವ ವಕೀಲನಿಗೂ ಕೇಳಲು ಮುಜುಗರ, ಅದೇ ಅದರ ಬಲ.

ಫಿಲ್ ಕಾರ್ಮಡಿ ಹಿಡಿದದ್ದು ಗಣಿತದ ದಾರಿ. ಕಂಪ್ಯೂಟರಿನ ಯಾವ ಫೈಲೂ ಕೊನೆಗೆ ಒಂದು ದೊಡ್ಡ ಸಂಖ್ಯೆಯೇ. ಕೋಡನ್ನು ಜಿಜಿಪ್ ಮಾಡಿ ಕುಗ್ಗಿಸಿ, ಅದನ್ನು ಸಂಖ್ಯೆಯಾಗಿ ಓದಿದ. ಜಿಜಿಪ್ ಫೈಲಿನ ಬಾಲಕ್ಕೆ ಒಂದಿಷ್ಟು ಕಸ ಅಂಟಿಸಿದರೂ ಬಿಚ್ಚುವಾಗ ಅಡ್ಡಿಯಿಲ್ಲ. ಹಾಗಾಗಿ ಆ ಸಂಖ್ಯೆಯನ್ನು 256ರಿಂದ ಎರಡು ಸಲ ಗುಣಿಸಿ, ಬೇರೆ ಬೇರೆ ಚಿಕ್ಕ ಸಂಖ್ಯೆಗಳನ್ನು ಕೂಡುತ್ತಾ ಹೋದ. 2083 ಕೂಡಿದಾಗ ಅವಿಭಾಜ್ಯ ಸಂಖ್ಯೆ ಸಿಕ್ಕಿತು. 1401 ಅಂಕಿಗಳದು, 2001ರಲ್ಲಿ. ಅವನಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಇದೇ ಉಪಾಯದಿಂದ 1905 ಅಂಕಿಯ ಇನ್ನೊಂದನ್ನು ಹುಡುಕಿದ. ದೊಡ್ಡ ಅವಿಭಾಜ್ಯ ಸಂಖ್ಯೆಗಳ ದಾಖಲೆ ಪಟ್ಟಿಗೆ ಅದು ತನ್ನ ಗಾತ್ರದ ಯೋಗ್ಯತೆಯಿಂದಲೇ ಸೇರಿತು. ಈಗ ನಿಷೇಧಿಸಬೇಕಾದರೆ ಗಣಿತದ ದಾಖಲೆಯಿಂದ ಒಂದು ಸಂಖ್ಯೆಯನ್ನೇ ಹೊಡೆದುಹಾಕಬೇಕು.

ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ಬೀಗ ಬಿಚ್ಚುವ ಕೋಡನ್ನು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 472 ಬೈಟಿಗೆ ಇಳಿಸಿದರು. ಮೂರು ಎಸ್‌ಎಂಎಸ್ ಸಾಕು.

2001ರ ನವೆಂಬರಿನಲ್ಲಿ ನ್ಯೂಯಾರ್ಕ್ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂತು. ಕೋಡ್ ಎನ್ನುವುದೂ ಅಭಿವ್ಯಕ್ತಿಯೇ, ಅದಕ್ಕೂ ಸಂವಿಧಾನದ ರಕ್ಷೆ ಇದೆ ಎಂದು ನ್ಯಾಯಾಧೀಶರು ಒಪ್ಪಿದರು. ಒಪ್ಪಿಯೂ, ಕಾಯಿದೆ ಹಿಡಿಯುತ್ತಿರುವುದು ಕೋಡಿನ ಮಾತನ್ನಲ್ಲ, ಅದು ಮಾಡುವ ಕೆಲಸವನ್ನು ಎಂದು ಹೇಳಿ ತಡೆಯನ್ನು ಎತ್ತಿಹಿಡಿದರು. ಪತ್ರಿಕೆ ಸೋತಿತು. ಅತ್ತ ನಾರ್ವೆಯ ಓಸ್ಲೋದಲ್ಲಿ ತನ್ನ ಮೇಲಿನ ಮೊಕದ್ದಮೆಯಲ್ಲಿ ಯೋಹಾನ್ಸೆನ್ 2003ರಲ್ಲಿ ಎರಡೆರಡು ಸಲ, ಜನವರಿಯಲ್ಲೊಮ್ಮೆ, ಮೇಲ್ಮನವಿಯ ನಂತರ ಡಿಸೆಂಬರಿನಲ್ಲೊಮ್ಮೆ, ಖುಲಾಸೆಯಾದ. ತಾನೇ ಕೊಂಡ ಡಿಸ್ಕನ್ನು ನೋಡುವುದು ಬೇರೆಯವರ ಮನೆಗೆ ನುಗ್ಗಿದ ಹಾಗಲ್ಲ ಎಂಬುದು ಅಲ್ಲಿನ ತರ್ಕದ ಸಾರ.

ಡಿವಿಡಿಯ ನಂತರದ ಡಿಸ್ಕುಗಳಿಗೆ ಎಎಸಿಎಸ್ ಎಂಬ ಬಲವಾದ ಬೀಗ ಬಂತು, ಬೀಗದಕೈ 16 ಬೈಟು. 2007ರಲ್ಲಿ ಅದರ ಒಂದು ಬೀಗದಕೈ ಬಯಲಾಗಿ, ಅಳಿಸಿ ಎಂದು ನೋಟಿಸುಗಳು ಹೊರಟವು. ಆಗ ಒಬ್ಬ ಧ್ವಜ ಮಾಡಿದ. ಕಂಪ್ಯೂಟರಿನಲ್ಲಿ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೈಟು. ಐದು ಪಟ್ಟಿಯಲ್ಲಿ 15 ಬೈಟು ಮುಗಿಯಿತು, ಉಳಿದ ಒಂದನ್ನು ಮೂಲೆಯಲ್ಲಿ ಅಕ್ಷರದಲ್ಲೇ ಬರೆದ. ರೇಡಿಯೋದಲ್ಲಿ ಬಣ್ಣ ತೋರಿಸಲಾಗದು, ಬಾಯಲ್ಲಿ ಹೇಳುತ್ತೇನೆ: ಮೊದಲ ಪಟ್ಟಿ ಹೊಳೆಯುವ ಹಸಿರು, ಕೆಂಪು 9, ಹಸಿರು 249, ನೀಲಿ 17. ಅಲ್ಲಿಗೆ ಬೀಗದಕೈಯ ಮೂರು ಬೈಟು ಆಕಾಶಮಾರ್ಗವಾಗಿ ಹೋದವು. ಹೊಸ ಡಿಸ್ಕುಗಳಿಗೆ ಆ ಬೀಗದಕೈ ಹತ್ತದಂತೆ ಎಂದೋ ಬದಲಾಯಿಸಿದ್ದಾರೆ, ಗಾಬರಿ ಬೇಡ.

ಇನ್ನು ನಮ್ಮ ಕಾನೂನು. 2012ರ ತಿದ್ದುಪಡಿಯಲ್ಲಿ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 65ಎ ಎಂಬ ಸೆಕ್ಷನ್ ಸೇರಿತು. ಬೀಗ ಒಡೆದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಆದರೆ ಅಮೆರಿಕದ ಕಾಯಿದೆಗೂ ಇದಕ್ಕೂ ಇರುವ ಒಂದು ದೊಡ್ಡ ಅಂತರ ಕೆಲವೇ ಪದಗಳಲ್ಲಿದೆ: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದಿರಬೇಕು. ಕಾಯಿದೆ ನಿಷೇಧಿಸದ ಕೆಲಸಕ್ಕೆ ಒಡೆಯುವುದಕ್ಕೆ ವಿನಾಯಿತಿ ಇದೆ, ನ್ಯಾಯವಾಗಿ ಪಡೆದ ಪ್ರತಿಯ ಮೇಲೆ ಗೂಢಲಿಪಿ ಸಂಶೋಧನೆ ನಡೆಸುವುದಕ್ಕೂ ಇದೆ. ಒಂದು ಗಂಟು ಉಂಟು. ಬೇರೆಯವರಿಗೆ ಒಡೆದುಕೊಡುವವರು ಒಡೆಸಿಕೊಂಡವರ ಹೆಸರು, ವಿಳಾಸ, ಉದ್ದೇಶ ಎಲ್ಲ ದಾಖಲೆಯಲ್ಲಿ ಬರೆದಿಡಬೇಕು. ಅಂಗಡಿ ಇಟ್ಟವರು ಇದನ್ನು ಮರೆಯಬಾರದು.

ನಿಮ್ಮದೇ ಡಿಸ್ಕನ್ನು ಉಬುಂಟು ಲಿನಕ್ಸಿನಲ್ಲಿ ನೋಡಬೇಕಾದರೆ ಲಿಬ್‌ಡಿವಿಡಿ ಪಿಕೆಜಿ ಎಂಬ ಪ್ಯಾಕೇಜು ಹಾಕಿಕೊಳ್ಳಿ. ಅದರೊಳಗೆ ಬೀಗ ಬಿಚ್ಚುವ ಕೋಡು ಇಲ್ಲ! ಕೋಡನ್ನು ಬೇರೆ ಕಡೆಯಿಂದ ತಂದು ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡುವ ಸೂಚನೆ ಮಾತ್ರ ಇದೆ. ನ್ಯೂಯಾರ್ಕ್ ತೀರ್ಪಿನಂಥವುಗಳ ನೆರಳು ಅದು. ಪ್ಯಾಕೇಜು ಹಾಕಿದ ಮೇಲೂ ಡಿಸ್ಕು ಓಡದಿದ್ದರೆ ಡಿಪಿಕೆಜಿ ರೀಕಾನ್ಫಿಗರ್ ಆಜ್ಞೆಯ ಮುಂದೆ ಅದೇ ಹೆಸರು ಕೊಟ್ಟು ಓಡಿಸಿ. ಹೆಚ್ಚಿನವರು ಎಡವುವುದು ಈ ಎರಡನೆಯ ಹೆಜ್ಜೆ ಬಿಟ್ಟು.

ಆಮೇಲೂ ಸತಾಯಿಸಿದರೆ ತಪ್ಪು ಡ್ರೈವಿನ ವಲಯದ್ದಿರಬಹುದು, ಅಂದರೆ ಯಾವ ದೇಶಗಳ ಡಿಸ್ಕು ಓಡಿಸಬೇಕೆಂದು ಡ್ರೈವಿನಲ್ಲಿ ಇಟ್ಟಿರುವ ಗುರುತಿನದು. ಭಾರತ 5ನೆಯ ವಲಯ, ಅಮೆರಿಕ 1, ಬ್ರಿಟನ್ 2. ನಮ್ಮ ಡಿಸ್ಕುಗಳಲ್ಲಿ ಎಷ್ಟೋ ಎಲ್ಲ ವಲಯಕ್ಕೂ ಆಗುವಂಥವು. 5 ಎಂದೇ ಗುರುತು ಮಾಡಿದ್ದನ್ನು ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಒಯ್ದರೆ ಅಲ್ಲಿನ ಡ್ರೈವು ಮುಖ ತಿರುಗಿಸುತ್ತದೆ. ರೀಜನ್‌ಸೆಟ್ ಎಂಬ ಪುಟ್ಟ ಪ್ರೋಗ್ರಾಮಿನಿಂದ ವಲಯ ಬದಲಾಯಿಸಬಹುದು, ಒಟ್ಟು ಐದು ಸಲ ಮಾತ್ರ. ಆ ಲೆಕ್ಕವನ್ನು ಡ್ರೈವು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ, ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೂ ಅದು ಸೊನ್ನೆಗೆ ಬರುವುದಿಲ್ಲ. ಹಾಗಾಗಿ ಐದನೆಯ ಸಲ ಎಂಟರ್ ಒತ್ತುವ ಮುಂಚೆ ಆ ಡ್ರೈವು ಇನ್ನು ಯಾವ ದೇಶದಲ್ಲಿ ಬಾಳುತ್ತದೆ ಎಂದು ಮನೆಯವರನ್ನೊಮ್ಮೆ ಕೇಳಿಕೊಳ್ಳಿ.

ನಮಸ್ಕಾರ.